ಪಾರ್ಲಿಮೆಂಟಿಗೊಂದು ಶಾಪಾಶಯ

ಶಾಸನಪಾಠದ ತರಗತಿಯಲ್ಲಿ ಪ್ರತಿವರ್ಷವೂ ವಿದ್ಯಾರ್ಥಿಗಳು ನಗುವ ಸ್ಥಳವೊಂದಿದೆ. ದಾನದ ವಿವರ, ಭೂಮಿಯ ಎಲ್ಲೆಕಟ್ಟು, ಸಾಕ್ಷಿಗಳ ಹೆಸರು ಎಲ್ಲವೂ ಮುಗಿದ ಮೇಲೆ ಬರುವ ಶಾಪಾಶಯವೇ ಅದು. ಈ ಧರ್ಮವನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುತ್ತಾನೆ, ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂದು ಅರ್ಥ ಹೇಳಿದ ಕೂಡಲೇ ಹಿಂದಿನ ಬೆಂಚಿನಿಂದ ನಗು ಏಳುತ್ತದೆ. ನಾನೂ ನಗುತ್ತೇನೆ. ಆದರೆ ಒಮ್ಮೆ ಒಬ್ಬ ಹುಡುಗಿ ನಗದೆ ಕೇಳಿದಳು: “ರಾಜನ ಆಜ್ಞೆಯೇ ಕಾನೂನಲ್ಲವೆ, ಸರ್? ಹಾಗಿದ್ದ ಮೇಲೆ ಶಾಪ ಏಕೆ ಬೇಕಾಯಿತು?”

ರಾಜನ ಆಜ್ಞೆಯೇ ಕಾನೂನಾದುದರಿಂದಲೇ ಶಾಪ ಬೇಕಾಯಿತು ಎಂದು ನಾನು ಉತ್ತರ ಹೇಳಿದೆ. ಇಂದಿನ ರಾಜನ ಮಾತು ಕಾನೂನಾದರೆ ನಾಳೆಯ ರಾಜನ ಮಾತೂ ಕಾನೂನೇ. ಇಂದು ಕೊಟ್ಟುದನ್ನು ನಾಳೆ ಬರುವವನು ಕಿತ್ತುಕೊಳ್ಳಬಲ್ಲ. ಅವನ ಕೈಯನ್ನು ಕಟ್ಟಿಹಾಕುವ ಅಧಿಕಾರ ಶಾಸನ ಬರೆಸಿದವನಿಗೆ ಇರಲಿಲ್ಲ. ಅವನ ಮನಸ್ಸಿನಲ್ಲಿ ಒಂದು ಅಳುಕನ್ನು ನೆಡುವ ಉಪಾಯ ಮಾತ್ರ ಇತ್ತು. ಆ ಉಪಾಯವನ್ನೇ ಅವನು ಕಲ್ಲಿನಲ್ಲಿ ಕೆತ್ತಿಸಿದ.

ಈ ಮಾತನ್ನು ಹೇಳುತ್ತಿದ್ದಾಗ ನನಗೆ ಇಂಗ್ಲೆಂಡಿನ ಪಾರ್ಲಿಮೆಂಟು ನೆನಪಾಯಿತು. ಅದು 1998ರಲ್ಲಿ ಮಾಡಿದ ಮಾನವ ಹಕ್ಕುಗಳ ಕಾಯಿದೆಯೂ ಇಂಥದೇ ಇಕ್ಕಟ್ಟಿನಿಂದ ಹುಟ್ಟಿದುದು. ಆ ಕಥೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕೆಂದಿದ್ದೇನೆ.

ಇಂಗ್ಲೆಂಡಿಗೆ ನಮ್ಮದರಂತೆ ಒಂದೇ ಗ್ರಂಥವಾಗಿ ಬರೆದಿಟ್ಟ ರಾಜ್ಯಾಂಗವಿಲ್ಲ. ಅಲ್ಲಿಯ ರಾಜ್ಯವ್ಯವಸ್ಥೆಯ ಮೂಲಸ್ತಂಭ ಒಂದೇ ಒಂದು ತತ್ತ್ವ: ಪಾರ್ಲಿಮೆಂಟು ಪರಮಾಧಿಕಾರಿ. ಅದು ಯಾವ ಕಾನೂನನ್ನಾದರೂ ಮಾಡಬಹುದು, ಯಾವುದನ್ನಾದರೂ ಅಳಿಸಬಹುದು. ಅದು ಮಾಡಿದ್ದನ್ನು ತಳ್ಳಿಹಾಕುವ ಅಧಿಕಾರ ಯಾವ ನ್ಯಾಯಾಸ್ಥಾನಕ್ಕೂ ಇಲ್ಲ. ಆಕ್ಸ್‌ಫರ್ಡಿನ ಪಂಡಿತ ಡೈಸಿ 1885ರ ತನ್ನ ಗ್ರಂಥದಲ್ಲಿ ಇದನ್ನು ಸೂತ್ರಪ್ರಾಯವಾಗಿ ನಿರೂಪಿಸಿದ. ಹೆಣ್ಣನ್ನು ಗಂಡು, ಗಂಡನ್ನು ಹೆಣ್ಣು ಮಾಡುವುದೊಂದನ್ನು ಬಿಟ್ಟು ಆ ಪಾರ್ಲಿಮೆಂಟು ಏನನ್ನಾದರೂ ಮಾಡಬಲ್ಲುದೆಂದು ಡಿ ಲಾಮ್ ಎಂಬ ಸ್ವಿಸ್ ಲೇಖಕ ಅದಕ್ಕೆ ನೂರು ವರ್ಷ ಮೊದಲೇ ಹಾಸ್ಯ ಮಾಡಿದ್ದ. ಲೆಸ್ಲಿ ಸ್ಟೀಫನ್ನನದು ಇನ್ನೂ ಮೊನಚಾದ ಉದಾಹರಣೆ. ನೀಲಿಗಣ್ಣಿನ ಶಿಶುಗಳನ್ನೆಲ್ಲ ಕೊಲ್ಲಬೇಕೆಂದು ಶಾಸನಸಭೆ ವಿಧಿಸಿದರೆ ಅಂಥ ಶಿಶುವನ್ನು ಉಳಿಸುವುದೇ ಅಪರಾಧವಾದೀತು. ಆದರೆ ಹಾಗೆ ವಿಧಿಸಬೇಕಾದರೆ ಶಾಸಕರಿಗೆ ಹುಚ್ಚು ಹಿಡಿದಿರಬೇಕು, ಅದನ್ನು ಒಪ್ಪಬೇಕಾದರೆ ಪ್ರಜೆಗಳು ಬುದ್ಧಿಗೆಟ್ಟಿರಬೇಕು ಎಂದು ಆತ ಬರೆದ. ಡೈಸಿ ಈ ಮಾತನ್ನು ಮೆಚ್ಚಿ ಎತ್ತಿಕೊಂಡ. ಅಂದರೆ ಪಾರ್ಲಿಮೆಂಟಿಗೆ ಎಲ್ಲೆ ಇಲ್ಲವೆಂದಲ್ಲ. ಎಲ್ಲೆ ಇರುವುದು ಕಾನೂನಿನಲ್ಲಲ್ಲ, ಶಾಸಕರ ವಿವೇಕದಲ್ಲಿ ಮತ್ತು ಜನರ ಸಹನೆಯಲ್ಲಿ.

ಇಂಗ್ಲಿಷರು ಇಷ್ಟು ದೊಡ್ಡ ಅಧಿಕಾರವನ್ನು ಒಂದು ಸಭೆಯ ಕೈಗೆ ಏಕೆ ಕೊಟ್ಟರು? ಚರಿತ್ರೆಯನ್ನು ನೋಡಿದರೆ ಕಾರಣ ಸ್ಪಷ್ಟ. 1610ರಲ್ಲಿ ಸರ್ ಎಡ್ವರ್ಡ್ ಕೋಕ್ ಎಂಬ ನ್ಯಾಯಾಧೀಶ, ವಿವೇಕಕ್ಕೆ ವಿರುದ್ಧವಾದ ಪಾರ್ಲಿಮೆಂಟಿನ ಕಾಯಿದೆಯನ್ನು ನ್ಯಾಯಾಸ್ಥಾನ ನಿರರ್ಥಕವೆನ್ನಬಹುದು ಎಂಬ ಅರ್ಥದ ಮಾತನಾಡಿದ್ದುಂಟು. ಆದರೆ ಆ ಶತಮಾನದ ದೊಡ್ಡ ಕಾಳಗ ನಡೆದದ್ದು ರಾಜನಿಗೂ ಪಾರ್ಲಿಮೆಂಟಿಗೂ. ರಾಜ ತನಗೆ ಒಪ್ಪದ ನ್ಯಾಯಾಧೀಶನನ್ನು ತೆಗೆದುಹಾಕಬಲ್ಲವನಾಗಿದ್ದ. ಕೋಕನನ್ನೇ 1616ರಲ್ಲಿ ಪದವಿಯಿಂದ ಇಳಿಸಲಾಯಿತು. ಒಬ್ಬ ರಾಜನ ತಲೆ 1649ರಲ್ಲಿ ಉರುಳಿತು. ಇನ್ನೊಬ್ಬ 1688ರಲ್ಲಿ ದೇಶ ಬಿಟ್ಟು ಓಡಿದ. ಮರುವರ್ಷದ ಹಕ್ಕುಗಳ ಶಾಸನ ಮುಖ್ಯವಾಗಿ ರಾಜನ ಎದುರು ಪಾರ್ಲಿಮೆಂಟಿನ ಹಕ್ಕುಗಳನ್ನು ಸಾರಿದ್ದು. ಪ್ರಜೆಯನ್ನು ಪಾರ್ಲಿಮೆಂಟಿನಿಂದಲೇ ಕಾಪಾಡಬೇಕಾಗಿ ಬಂದೀತೆಂಬ ಯೋಚನೆ ಆಗ ಯಾರಿಗೂ ದೊಡ್ಡದಾಗಿ ಕಾಣಲಿಲ್ಲ. ಹುಲಿಯಿಂದ ಕಾಪಾಡಿದ ನಾಯಿಗೆ ಸರಪಳಿ ಹಾಕುವವರುಂಟೆ?

ಆ ಯೋಚನೆ ಬಲವಾಗಿ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. 1941ರ ಒಂದು ಮೊಕದ್ದಮೆಯನ್ನು ನೋಡೋಣ. ಯುದ್ಧಕಾಲದ ನಿಬಂಧನೆಯೊಂದರ ಪ್ರಕಾರ, ಯಾವನಾದರೂ ದೇಶಕ್ಕೆ ಅಪಾಯಕಾರಿಯೆಂದು ನಂಬಲು ಸಕಾರಣವಿದ್ದರೆ ಗೃಹಮಂತ್ರಿ ಅವನನ್ನು ವಿಚಾರಣೆಯಿಲ್ಲದೆ ಸೆರೆಯಲ್ಲಿಡಬಹುದಾಗಿತ್ತು. ಆಗ ಗೃಹಮಂತ್ರಿಯಾಗಿದ್ದವರು, ಹಿಂದೆ ಬಂಗಾಳದ ಗವರ್ನರಾಗಿದ್ದ ಸರ್ ಜಾನ್ ಆಂಡರ್ಸನ್. ಸೆರೆಯಾದ ಒಬ್ಬಾತ ಕಾರಣವೇನೆಂದು ಕೇಳಿ ಕೋರ್ಟಿಗೆ ಹೋದ. ಲಾರ್ಡ್ಸ್ ಸಭೆಯ ಐವರು ನ್ಯಾಯಾಧೀಶರಲ್ಲಿ ನಾಲ್ವರು, ಮಂತ್ರಿ ತನಗೆ ಸಕಾರಣವಿದೆಯೆಂದು ನಂಬಿದರೆ ಸಾಕು, ಆ ಕಾರಣವನ್ನು ಕೋರ್ಟು ಕೆದಕಬೇಕಾಗಿಲ್ಲ ಎಂದರು. ಲಾರ್ಡ್ ಅಟ್ಕಿನ್ ಒಬ್ಬರೇ ಒಪ್ಪಲಿಲ್ಲ. ‘ಸಕಾರಣವಿದ್ದರೆ’ ಎಂಬುದಕ್ಕೆ ‘ಸಕಾರಣವಿದೆಯೆಂದು ತನಗೆ ತೋರಿದರೆ’ ಎಂದು ಅರ್ಥಮಾಡುವುದು, ಶಬ್ದಗಳಿಗೆ ತನಗೆ ಬೇಕಾದ ಅರ್ಥ ಕೊಡುವ ಮಕ್ಕಳ ಕಥೆಯ ಹಂಪ್ಟಿ ಡಂಪ್ಟಿಯ ರೀತಿ ಎಂದು ಅವರು ಅಣಕಿಸಿದರು. ಭಾಷೆಯನ್ನು ಪಾಠ ಹೇಳುವವನಾದ ನನಗೆ ಅಟ್ಕಿನ್ನರ ಮೇಲೆ ವಿಶೇಷ ಗೌರವ. ಒಂದು ಶಬ್ದದ ಅರ್ಥ ಸಡಿಲವಾದರೆ ಒಬ್ಬ ಮನುಷ್ಯನ ಸೆರೆಮನೆಯ ಬೀಗ ಬಿಗಿಯಾಗುತ್ತದೆ ಎಂಬುದನ್ನು ಅವರು ಕಂಡಿದ್ದರು.

ಯುದ್ಧ ಮುಗಿಯಿತು. ಕಾನೂನಿನ ಹೆಸರಿನಲ್ಲೇ ಜರ್ಮನಿಯಲ್ಲಿ ನಡೆದ ಘೋರವನ್ನು ಕಂಡ ಯೂರೋಪಿನ ದೇಶಗಳು 1950ರ ನವೆಂಬರ್ 4ರಂದು ರೋಮಿನಲ್ಲಿ ಮಾನವ ಹಕ್ಕುಗಳ ಒಡಂಬಡಿಕೆಯೊಂದಕ್ಕೆ ಸಹಿ ಹಾಕಿದವು. ಅದನ್ನು ರಚಿಸುವುದರಲ್ಲಿ ಮುಖ್ಯ ಪಾತ್ರ ವಹಿಸಿದವರು, ನ್ಯೂರೆಂಬರ್ಗಿನಲ್ಲಿ ನಾಟ್ಸಿ ನಾಯಕರ ವಿರುದ್ಧ ವಾದಿಸಿದ್ದ ಇಂಗ್ಲೆಂಡಿನ ಸಂಪ್ರದಾಯ ಪಕ್ಷದ ವಕೀಲ ಮ್ಯಾಕ್ಸ್‌ವೆಲ್ ಫೈಫ್. ಅದನ್ನು ಎಲ್ಲರಿಗಿಂತ ಮೊದಲು, 1951ರಲ್ಲಿ, ಸ್ಥಿರಪಡಿಸಿದ ದೇಶವೂ ಬ್ರಿಟನ್ನೇ. ಇದು ಹೊರಗಿನವರು ನಮ್ಮ ಮೇಲೆ ಹೇರಿದ್ದು ಎಂದು ಇಂದು ಅಲ್ಲಿ ಗೊಣಗುವವರು ಈ ಎರಡು ಸಂಗತಿಗಳನ್ನು ಮರೆಯುತ್ತಾರೆ.

ಆದರೆ ಆ ಒಡಂಬಡಿಕೆ ಬಹುಕಾಲ ಇಂಗ್ಲೆಂಡಿನ ಕೋರ್ಟುಗಳ ಬಾಗಿಲ ಹೊರಗೇ ನಿಂತಿತ್ತು. 1966ರಿಂದ ಪ್ರಜೆಗಳು ಫ್ರಾನ್ಸಿನ ಸ್ಟ್ರಾಸ್‌ಬರ್ಗಿಗೆ ನೇರವಾಗಿ ದೂರು ಒಯ್ಯುವ ಅವಕಾಶವೇನೋ ಬಂತು. ಅಲ್ಲಿಗೆ ಹೋಗಬೇಕಾದರೆ ಊರಿನ ಕೋರ್ಟುಗಳ ಮೆಟ್ಟಿಲುಗಳನ್ನೆಲ್ಲ ಮೊದಲು ಹತ್ತಿ ಇಳಿದಿರಬೇಕು. ಇಂಡಿಯಾಕ್ಕೆ ಕಳುಹಿಸಿದರೆ ಚಿತ್ರಹಿಂಸೆಗೆ ಗುರಿಯಾಗುವೆನೆಂದು ವಾದಿಸಿದ ಒಬ್ಬ ಸಿಖ್ಖನಿಗೆ 1996ರಲ್ಲಿ ಅಲ್ಲಿ ಜಯವಾಯಿತು; ಅಷ್ಟರಲ್ಲಿ ಅವನು ಇಂಗ್ಲೆಂಡಿನ ಸೆರೆಯಲ್ಲಿ ಆರು ವರ್ಷಕ್ಕೂ ಮೀರಿ ಕಳೆದಿದ್ದ. ಈ ಹಕ್ಕುಗಳನ್ನು ಮನೆಗೇ ತರಬೇಕೆಂಬ ಕೂಗು ಬೆಳೆದು, 1998ರ ನವೆಂಬರಿನಲ್ಲಿ ಕಾಯಿದೆಯಾಗಿ, 2000ದ ಅಕ್ಟೋಬರ್ 2ರಂದು ಜಾರಿಗೆ ಬಂತು.

ಅದನ್ನು ರಚಿಸಿದವರ ಮುಂದಿದ್ದ ಇಕ್ಕಟ್ಟು ಇದು. ಹಕ್ಕಿಗೆ ಬೆಲೆ ಬರಬೇಕಾದರೆ ಅದನ್ನು ಮುರಿದ ಕಾಯಿದೆಯನ್ನು ಕೋರ್ಟು ತಡೆಯಬೇಕು. ತಡೆದರೆ ಪಾರ್ಲಿಮೆಂಟಿನ ಪರಮಾಧಿಕಾರ ಹೋಗುತ್ತದೆ. ಅವರು ಕಂಡುಕೊಂಡ ದಾರಿ ಜಾಣತನದ್ದು. ಮೊದಲನೆಯದಾಗಿ, ಮಸೂದೆಯನ್ನು ಮಂಡಿಸುವ ಮಂತ್ರಿ ಅದು ಹಕ್ಕುಗಳಿಗೆ ಹೊಂದುತ್ತದೆಂದು ಬರೆದು ಹೇಳಬೇಕು. ಹಾಗೆ ಹೇಳಲಾರೆನಾದರೆ, ಹೇಳಲಾರೆ, ಆದರೂ ಮುಂದುವರಿಯುತ್ತೇನೆ ಎಂದು ಬರೆಯಬೇಕು. ಎರಡನೆಯದಾಗಿ, ಕೋರ್ಟುಗಳು ಪ್ರತಿಯೊಂದು ಕಾಯಿದೆಯನ್ನೂ ಸಾಧ್ಯವಾದ ಮಟ್ಟಿಗೆ ಹಕ್ಕುಗಳಿಗೆ ಹೊಂದುವಂತೆ ಅರ್ಥಮಾಡಬೇಕು. ಮೂರನೆಯದಾಗಿ, ಏನು ಮಾಡಿದರೂ ಹೊಂದದಿದ್ದರೆ ಮೇಲಿನ ಕೋರ್ಟು ಇದು ಹೊಂದುವುದಿಲ್ಲ ಎಂದು ಘೋಷಿಸಬಹುದು. ಅಷ್ಟೇ. ಘೋಷಣೆಯಾದರೂ ಕಾಯಿದೆ ಸಾಯುವುದಿಲ್ಲ. ಅದು ಹಿಂದಿನಂತೆಯೇ ಜಾರಿಯಲ್ಲಿರುತ್ತದೆ. ತಿದ್ದುವುದೂ ಬಿಡುವುದೂ ಪಾರ್ಲಿಮೆಂಟಿಗೆ ಸೇರಿದ್ದು.

ಇದನ್ನು ಮೊದಲ ಸಲ ಓದಿದಾಗ ನನಗೂ ನಗು ಬಂತು. ಇದು ನಮ್ಮ ಶಾಪಾಶಯವೇ ಅಲ್ಲವೆ? ಕೈ ಕಟ್ಟುವುದಿಲ್ಲ, ನೀನು ಮಾಡುತ್ತಿರುವುದು ಪಾಪ ಎಂದು ಮಾತ್ರ ಹೇಳುತ್ತದೆ. ಈ ಮಾತಿಗೆ ಬೆಲೆಯೆಷ್ಟು ಎಂಬುದನ್ನು ನಡೆದ ಸಂಗತಿಗಳಿಂದಲೇ ಅಳೆಯಬೇಕು.

ಅರ್ಥಮಾಡುವ ಅಧಿಕಾರವೇ ಚಿಕ್ಕದಲ್ಲ. 1977ರ ಬಾಡಿಗೆ ಕಾಯಿದೆಯ ಪ್ರಕಾರ ಬಾಡಿಗೆದಾರ ಸತ್ತರೆ, ಅವನ ಪತಿಯೋ ಪತ್ನಿಯೋ ಆಗಿ ಜೊತೆಯಲ್ಲಿ ಬಾಳಿದವರು ಆ ಮನೆಯ ಹಕ್ಕನ್ನು ಪಡೆಯುತ್ತಿದ್ದರು. 2001ರಲ್ಲಿ ಲಂಡನ್ನಿನ ಒಂದು ಮನೆಯ ಬಾಡಿಗೆದಾರ ತೀರಿಕೊಂಡ. ಬಹುಕಾಲ ಅವನ ಸಂಗಾತಿಯಾಗಿದ್ದವನೂ ಒಬ್ಬ ಪುರುಷನೇ. ಮನೆಯ ಯಜಮಾನ ಅವನ ಹಕ್ಕನ್ನು ಒಪ್ಪಲಿಲ್ಲ. ಗಂಡ ಹೆಂಡತಿ ಎಂಬ ಶಬ್ದಗಳು ಇಬ್ಬರು ಪುರುಷರ ಬಾಳಿಗೆ ಹೊಂದವೆಂದು 1999ರಲ್ಲಿ, ಹೊಸ ಕಾಯಿದೆ ಜಾರಿಗೆ ಬರುವ ಮೊದಲು, ಲಾರ್ಡ್ಸ್ ಸಭೆಯ ನ್ಯಾಯಾಧೀಶರೇ ಹೇಳಿದ್ದರು. 2004ರಲ್ಲಿ ಅದೇ ಸಭೆ, ಅದೇ ಶಬ್ದಗಳನ್ನು ‘ಗಂಡ ಹೆಂಡಿರಂತೆ’ ಎಂದು ಓದಿ ಆತನಿಗೆ ಮನೆಯನ್ನು ಉಳಿಸಿಕೊಟ್ಟಿತು. ಕಾಯಿದೆಯ ಒಂದಕ್ಷರವೂ ಬದಲಾಗಲಿಲ್ಲ, ವ್ಯಾಖ್ಯಾನ ಬದಲಾಯಿತು. ಹಳಗನ್ನಡದ ಪದ್ಯಕ್ಕೆ ಇಷ್ಟು ಧಾರಾಳವಾಗಿ ಅನ್ವಯ ಹೇಳಿದರೆ ನನ್ನ ಗುರುಗಳು ಒಪ್ಪುತ್ತಿರಲಿಲ್ಲ. ನ್ಯಾಯಾಧೀಶರು ವ್ಯಾಖ್ಯಾನದ ಹೆಸರಿನಲ್ಲಿ ಕಾನೂನನ್ನೇ ಬರೆಯುತ್ತಿದ್ದಾರೆಂಬ ಆಕ್ಷೇಪಣೆಯಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಹಾಗೆ ಓದಿರೆಂದು ಅಪ್ಪಣೆ ಕೊಟ್ಟದ್ದು ಪಾರ್ಲಿಮೆಂಟೇ. ಬೇಡವಾದರೆ ಸ್ಪಷ್ಟವಾದ ಮಾತಿನಲ್ಲಿ ಬೇರೆ ಕಾನೂನು ಮಾಡಲು ಅದಕ್ಕೆ ಯಾವ ಅಡ್ಡಿಯೂ ಇರಲಿಲ್ಲ.

ಘೋಷಣೆಯ ಅಧಿಕಾರದ ನಿಜವಾದ ಪರೀಕ್ಷೆ ನಡೆದದ್ದು ಬೆಲ್‌ಮಾರ್ಷ್ ಸೆರೆಮನೆಯ ವಿಷಯದಲ್ಲಿ. 2001ರ ಸೆಪ್ಟೆಂಬರಿನಲ್ಲಿ ಅಮೆರಿಕದ ಗೋಪುರಗಳು ಉರುಳಿದ ಮೇಲೆ ಬ್ರಿಟಿಷ್ ಸರ್ಕಾರ ಭಯೋತ್ಪಾದನೆಯ ವಿರುದ್ಧ ಒಂದು ಮಸೂದೆಯನ್ನು ತಂದಿತು. ನವೆಂಬರ್ 12ಕ್ಕೆ ಮಂಡನೆ, ಡಿಸೆಂಬರ್ 14ಕ್ಕೆ ರಾಜಸಮ್ಮತಿ. ನೂರಕ್ಕೂ ಹೆಚ್ಚು ಕಲಮುಗಳ ಕಾಯಿದೆಗೆ ಹಿಡಿದದ್ದು ಸುಮಾರು ಒಂದು ತಿಂಗಳು. ಭಯೋತ್ಪಾದಕರೆಂದು ಮಂತ್ರಿ ಸಂದೇಹಿಸಿದ ಪರದೇಶೀಯರನ್ನು ಅವರ ದೇಶಕ್ಕೆ ಕಳುಹಿಸಲು ಸಾಧ್ಯವಾಗದಿದ್ದಲ್ಲಿ, ಆರೋಪಪಟ್ಟಿಯಿಲ್ಲದೆ, ಅವಧಿಯಿಲ್ಲದೆ ಸೆರೆಯಲ್ಲಿಡಬಹುದೆಂದು ಅದರಲ್ಲಿತ್ತು. ಬೇರೆ ದೇಶ ಸೇರಿಸಿಕೊಳ್ಳುವುದಾದರೆ ಅವರು ಹೋಗಬಹುದಾಗಿತ್ತು. ಆದುದರಿಂದ ಅದನ್ನು ಮೂರು ಗೋಡೆಯ ಸೆರೆಮನೆ ಎಂದರು. ನಾಲ್ಕನೆಯ ದಿಕ್ಕಿನಲ್ಲಿ ಗೋಡೆ ಇರಲಿಲ್ಲ ನಿಜ. ಹಲವರ ಪಾಲಿಗೆ ಅಲ್ಲಿ ಚಿತ್ರಹಿಂಸೆಯ ಭಯವಿತ್ತು.

ಮೂರು ವರ್ಷ ಕಳೆಯಿತು. 2004ರ ಡಿಸೆಂಬರ್ 16ರಂದು ಒಂಬತ್ತು ಮಂದಿ ನ್ಯಾಯಾಧೀಶರಲ್ಲಿ ಎಂಟು ಮಂದಿ ಆ ಕಲಮು ಹಕ್ಕುಗಳಿಗೆ ಹೊಂದುವುದಿಲ್ಲವೆಂದು ಘೋಷಿಸಿದರು. ಅವರ ತರ್ಕ ಸರಳವಾದುದು. ಅಷ್ಟೇ ಅಪಾಯಕಾರಿಯಾದ ಬ್ರಿಟಿಷ್ ಪ್ರಜೆಯನ್ನು ಸೆರೆಯಲ್ಲಿಡದೆ ಕಾಲ ಕಳೆಯಬಹುದಾದರೆ, ಪರದೇಶೀಯನನ್ನು ಮಾತ್ರ ಸೆರೆಯಲ್ಲಿಡುವುದು ಹೇಗೆ ಅನಿವಾರ್ಯವಾದೀತು? ಜನರು ಆರಿಸದ ನ್ಯಾಯಾಧೀಶರು ಪಾರ್ಲಿಮೆಂಟಿನ ತೀರ್ಮಾನದಲ್ಲಿ ಕೈಯಾಡಿಸಬಾರದೆಂಬ ಸರ್ಕಾರದ ವಾದಕ್ಕೆ ಲಾರ್ಡ್ ಬಿಂಗ್‌ಹ್ಯಾಮ್, ಸ್ವತಂತ್ರ ನ್ಯಾಯಾಧೀಶರೂ ಪ್ರಜಾಪ್ರಭುತ್ವದ ಒಂದು ಅಂಗವೇ, ಅದೂ ಅಲ್ಲದೆ ಈ ಕೆಲಸವನ್ನು ತಮಗೆ ವಹಿಸಿದ್ದು ಪಾರ್ಲಿಮೆಂಟು ಎಂದು ಉತ್ತರ ಕೊಟ್ಟರು. ರಾಷ್ಟ್ರದ ಜೀವಕ್ಕೆ ನಿಜವಾದ ಅಪಾಯ ಬರುವುದು ಇಂಥ ಕಾಯಿದೆಗಳಿಂದ ಎಂಬ ಭಾವದ ಲಾರ್ಡ್ ಹಾಫ್‌ಮನ್ನರ ಮಾತು ಎಲ್ಲೆಲ್ಲೂ ಪ್ರಸಿದ್ಧವಾಯಿತು.

ಈಗ ಓದುಗರು ಒಂದು ಕ್ಷಣ ಆ ಸೆರೆಯಾಳುಗಳ ಜಾಗದಲ್ಲಿ ನಿಂತು ನೋಡಬೇಕು. ದೇಶದ ಅತ್ಯುಚ್ಚ ನ್ಯಾಯಾಸ್ಥಾನ ನೀವು ಗೆದ್ದಿರಿ ಎಂದಿದೆ. ಸಂಜೆ ಬಾಗಿಲು ಎಂದಿನಂತೆ ಮುಚ್ಚುತ್ತದೆ. ಮರುದಿನವೂ ಮುಚ್ಚುತ್ತದೆ. ಏಕೆಂದರೆ ಕಾಯಿದೆ ಜಾರಿಯಲ್ಲೇ ಇದೆ. ಪಾರ್ಲಿಮೆಂಟು ಇನ್ನೂ ಮಾತನಾಡಿಲ್ಲ. ಸೋತವನಿಗೆ ದಕ್ಕುವ ಸೆರೆಯೂ ಗೆದ್ದವನಿಗೆ ದಕ್ಕುವ ಸೆರೆಯೂ ಒಂದೇ ಆದರೆ ಗೆಲುವು ಎಂಬ ಶಬ್ದಕ್ಕೆ ಅರ್ಥವೇನು? 1998ರ ಕಾಯಿದೆಯ ಜಾಣತನದ ಬೆಲೆಯನ್ನು ತೆತ್ತವರು ಇವರು. ಪಾರ್ಲಿಮೆಂಟಿನ ಪರಮಾಧಿಕಾರ ಉಳಿಯಿತು ಎಂದು ಪುಸ್ತಕದಲ್ಲಿ ಬರೆಯುವಾಗ ಅದು ಉಳಿದದ್ದು ಯಾರ ಖರ್ಚಿನಲ್ಲಿ ಎಂಬುದನ್ನೂ ಬರೆಯಬೇಕು.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಘೋಷಣೆಯಾದ ಮೇಲೆ ಸರ್ಕಾರ ಸುಮ್ಮನೆ ಕೂರುವುದಾಗಲಿಲ್ಲ. 2005ರ ಫೆಬ್ರವರಿಯಲ್ಲಿ ಹೊಸ ಮಸೂದೆ ಬಂತು. ಕಾಮನ್ಸ್ ಸಭೆಗೂ ಲಾರ್ಡ್ಸ್ ಸಭೆಗೂ ನಡುವೆ ಅದು ಮತ್ತೆ ಮತ್ತೆ ಓಡಾಡಿತು. ಕೊನೆಯ ಬೈಠಕ್ಕು ಹಗಲೂ ರಾತ್ರಿಯೂ ಸೇರಿ ಮೂವತ್ತು ಗಂಟೆಗೂ ಮೀರಿ ನಡೆದು, ಮಾರ್ಚ್ 11ರಂದು ಮುಗಿಯಿತು. ಸೆರೆಯ ಬದಲು ನಿರ್ಬಂಧದ ಆಜ್ಞೆಗಳು ಬಂದವು. ಪರದೇಶೀಯ, ಸ್ವದೇಶೀಯ ಎಂಬ ಭೇದ ಹೋಯಿತು. ಹೊಸ ವ್ಯವಸ್ಥೆ ನಿರ್ದೋಷವಾಗಿತ್ತೆಂದು ನಾನು ಹೇಳುವುದಿಲ್ಲ; ಅದರ ಮೇಲೂ ಮೊಕದ್ದಮೆಗಳಾದವು. ನಾನು ಗಮನಿಸುವುದು ಬೇರೊಂದನ್ನು. 2001ರಲ್ಲಿ ಭಯದ ಭರದಲ್ಲಿ ಕೈಯೆತ್ತಿದ ಸಭೆ 2005ರಲ್ಲಿ ನಿದ್ದೆಗೆಟ್ಟು ಚರ್ಚಿಸಿತು. ಪಾರ್ಲಿಮೆಂಟಿನ ಪರಮಾಧಿಕಾರ ಎಂದು ನಾವು ಕರೆಯುವುದು ಎಷ್ಟೋ ಸಲ ಬಹುಮತವುಳ್ಳ ಮಂತ್ರಿಮಂಡಲದ ಇಷ್ಟಕ್ಕೆ ಇಟ್ಟ ಗೌರವದ ಹೆಸರು. ಅಂಥಲ್ಲಿ ಕೋರ್ಟಿನ ಘೋಷಣೆ ಪಾರ್ಲಿಮೆಂಟಿನ ಅಧಿಕಾರವನ್ನು ಕಿತ್ತುಕೊಳ್ಳಲಿಲ್ಲ. ಅದನ್ನು ಸದಸ್ಯರ ಕೈಗೇ ಹಿಂದಕ್ಕೆ ಕೊಟ್ಟು, ಈ ಸಲ ಎಚ್ಚರದಿಂದ ಉಪಯೋಗಿಸಿ ಎಂದಿತು.

ಶಾಪಕ್ಕೆ ಹೆದರದವರೂ ಇರುತ್ತಾರೆ. ಸೆರೆಯಾಳುಗಳೆಲ್ಲರಿಗೂ ಮತದಾನದ ಹಕ್ಕನ್ನು ಸಾರಾಸಗಟಾಗಿ ತಪ್ಪಿಸುವುದು ಸರಿಯಲ್ಲವೆಂದು ಸ್ಟ್ರಾಸ್‌ಬರ್ಗಿನ ನ್ಯಾಯಾಸ್ಥಾನ 2005ರಲ್ಲಿ ಹೇಳಿತು. ಕಾಮನ್ಸ್ ಸಭೆ 2011ರ ಫೆಬ್ರವರಿಯಲ್ಲಿ 22ರ ವಿರುದ್ಧ 234 ಮತಗಳಿಂದ ಆ ಮಾತನ್ನು ತಳ್ಳಿಹಾಕಿತು. ಕೊನೆಗೆ 2017ರಲ್ಲಿ, ಕಾಯಿದೆಯನ್ನು ಮುಟ್ಟದೆ, ತಾತ್ಕಾಲಿಕ ರಜೆಯ ಮೇಲೆ ಹೊರಗಿರುವ ಕೆಲವರಿಗೆ ಮತ ಕೊಡುವ ಸಣ್ಣ ಏರ್ಪಾಡಿನಿಂದ ಜಗಳ ತಣ್ಣಗಾಯಿತು. ಇಲ್ಲಿ ಪಾರ್ಲಿಮೆಂಟು ತನ್ನ ಹಟವನ್ನು ಬಹುಮಟ್ಟಿಗೆ ಸಾಧಿಸಿತು. ನಮ್ಮ 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯೂ ಸೆರೆಯಾಳಿಗೆ ಮತ ಕೊಡುವುದಿಲ್ಲವಾದುದರಿಂದ ಇಂಗ್ಲಿಷರನ್ನು ನೋಡಿ ನಗಲು ನಮಗೆ ಅವಕಾಶ ಕಡಮೆ.

ರುವಾಂಡದ ಪ್ರಸಂಗ ಇನ್ನೂ ವಿಚಿತ್ರವಾದುದು. ಇಂಗ್ಲೆಂಡಿನಲ್ಲಿ ಆಶ್ರಯ ಕೇಳಿ ಬಂದವರನ್ನು ಆಫ್ರಿಕದ ಆ ದೇಶಕ್ಕೆ ಕಳುಹಿಸಲು ಸರ್ಕಾರ ಹೊರಟಾಗ, ಅಲ್ಲಿಂದ ಅವರನ್ನು ಮತ್ತೆ ಅಪಾಯದ ಸ್ಥಳಕ್ಕೆ ಅಟ್ಟುವ ಸಂಭವವಿರುವುದರಿಂದ ಅದು ಸುರಕ್ಷಿತವಲ್ಲವೆಂದು 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ತೀರ್ಮಾನಿಸಿತು. ಪಾರ್ಲಿಮೆಂಟು 2024ರ ಏಪ್ರಿಲಿನಲ್ಲಿ ಒಂದು ಕಾಯಿದೆ ಮಾಡಿತು: ರುವಾಂಡ ಸುರಕ್ಷಿತವಾದ ದೇಶ, ಎಲ್ಲ ಕೋರ್ಟುಗಳೂ ಹಾಗೆಂದೇ ಭಾವಿಸತಕ್ಕದ್ದು, 1998ರ ಕಾಯಿದೆಯ ಕೆಲವು ಮುಖ್ಯ ಕಲಮುಗಳು ಇಲ್ಲಿ ಅನ್ವಯಿಸತಕ್ಕದ್ದಲ್ಲ. ಕಾಗೆ ಬೆಳ್ಳಗಿದೆಯೆಂದು ಬಹುಮತದಿಂದ ಠರಾವು ಮಾಡಿದಂತಾಯಿತು. ಡಿ ಲಾಮ್ ಇದ್ದಿದ್ದರೆ ತನ್ನ ಹಾಸ್ಯವನ್ನು ತಿದ್ದಿಕೊಳ್ಳುತ್ತಿದ್ದನೇನೋ. ಆದರೂ ಮಂತ್ರಿ ಆ ಮಸೂದೆಯ ಮೊದಲ ಪುಟದಲ್ಲೇ, ಇದು ಹಕ್ಕುಗಳಿಗೆ ಹೊಂದುತ್ತದೆಂದು ನಾನು ಹೇಳಲಾರೆ ಎಂದು ಬರೆಯಬೇಕಾಯಿತು. ಜುಲೈ ತಿಂಗಳಲ್ಲಿ ಚುನಾವಣೆ ನಡೆಯಿತು. ಬಲವಂತವಾಗಿ ಒಬ್ಬರನ್ನೂ ಅಲ್ಲಿಗೆ ಕಳುಹಿಸುವ ಮೊದಲೇ ಹೊಸ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು.

ಇವನ್ನೆಲ್ಲ ಕೂಡಿಸಿ ನೋಡಿದರೆ ನನಗೆ ತೋರುವುದು ಇಷ್ಟು. 1998ರ ಕಾಯಿದೆ ಪಾರ್ಲಿಮೆಂಟಿನ ಅಧಿಕಾರದಿಂದ ಒಂದು ಕೂದಲೆಳೆಯನ್ನೂ ಕಡಮೆ ಮಾಡಲಿಲ್ಲ. ಕಡಮೆ ಮಾಡಿದ್ದು ಆ ಅಧಿಕಾರವನ್ನು ಸದ್ದಿಲ್ಲದೆ ಚಲಾಯಿಸುವ ಅನುಕೂಲವನ್ನು. ಅನ್ಯಾಯದ ಕಾನೂನನ್ನು ಇಂದೂ ಅದು ಮಾಡಬಹುದು; ಆದರೆ ಹೆಸರು ಹೇಳಿ, ಬೆಳಕಿನಲ್ಲಿ, ಆಪಾದನೆಯನ್ನು ಕೇಳಿಸಿಕೊಂಡು ಮಾಡಬೇಕು. ಇದುವರೆಗೆ ನಲವತ್ತಕ್ಕೂ ಹೆಚ್ಚು ಘೋಷಣೆಗಳಾಗಿವೆ. ಮೇಲಿನ ಕೋರ್ಟು ರದ್ದುಮಾಡಿದ ಕೆಲವನ್ನು ಬಿಟ್ಟರೆ, ಬಹುಪಾಲು ಸಂದರ್ಭಗಳಲ್ಲಿ ಪಾರ್ಲಿಮೆಂಟೋ ಸರ್ಕಾರವೋ ಕಾನೂನನ್ನು ತಿದ್ದಿಕೊಂಡಿದೆ. ಶಾಪಕ್ಕೆ ಬೆಲೆಯಿಲ್ಲವೆಂದು ಹೇಳುವಂತಿಲ್ಲ.

ನಮ್ಮ ದೇಶ ಇದೇ ಪ್ರಶ್ನೆಗೆ ಬೇರೆ ಉತ್ತರವನ್ನು ಆರಿಸಿಕೊಂಡಿತು. ಮೂಲಭೂತ ಹಕ್ಕನ್ನು ಮುರಿಯುವ ಕಾಯಿದೆ ಇಲ್ಲಿ ಅನೂರ್ಜಿತ. ಕೋರ್ಟು ಅದನ್ನು ಹೊಡೆದುಹಾಕಬಲ್ಲುದು. ಹಾಗಾದರೆ ಪಾರ್ಲಿಮೆಂಟು ರಾಜ್ಯಾಂಗವನ್ನೇ ತಿದ್ದಿಬಿಟ್ಟರೆ? ಈ ಪ್ರಶ್ನೆಯನ್ನು ಕೊನೆಮುಟ್ಟಿಸಿದ ಮೊಕದ್ದಮೆ ಕನ್ನಡ ನಾಡಿನ ಅಂಚಿನ ಒಂದು ಮಠದಿಂದ ಹೊರಟದ್ದು. ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಾಸರಗೋಡು 1956ರಲ್ಲಿ ಕೇರಳದ ಪಾಲಾಯಿತು. ಹಾಗಾಗಿ ಅಲ್ಲಿಯ ಎಡನೀರು ಮಠದ ಭೂಮಿಗೆ ಕೇರಳದ ಭೂಸುಧಾರಣೆಯ ಕಾಯಿದೆ ಅನ್ವಯಿಸಿತು. ಯಕ್ಷಗಾನ ಸಂಗೀತಗಳಲ್ಲಿ ಆಸಕ್ತರಾಗಿದ್ದ ಕೇಶವಾನಂದ ಭಾರತೀ ಸ್ವಾಮಿಗಳು ಸುಪ್ರೀಂ ಕೋರ್ಟಿಗೆ ಹೋದರು. ಹದಿಮೂರು ನ್ಯಾಯಮೂರ್ತಿಗಳು 68 ದಿನ ವಾದ ಕೇಳಿ, 1973ರ ಏಪ್ರಿಲ್ 24ರಂದು, 6ರ ವಿರುದ್ಧ 7ರ ಬಹುಮತದಿಂದ, ರಾಜ್ಯಾಂಗವನ್ನು ತಿದ್ದಬಹುದು, ಆದರೆ ಅದರ ಮೂಲಸ್ವರೂಪವನ್ನು ಅಳಿಸುವಂತಿಲ್ಲ ಎಂದರು. ಮರುದಿನವೇ, ಆ ಬಹುಮತದಲ್ಲಿದ್ದ ನಮ್ಮ ಕಾರ್ಕಳದ ಕಡೆಯ ಕೆ. ಎಸ್. ಹೆಗ್ಡೆಯವರೂ ಸೇರಿದಂತೆ ಮೂವರು ಹಿರಿಯರನ್ನು ದಾಟಿ ಕಿರಿಯರೊಬ್ಬರಿಗೆ ಮುಖ್ಯ ನ್ಯಾಯಮೂರ್ತಿಯ ಪದವಿ ಹೋಯಿತು. ಮೂವರೂ ರಾಜೀನಾಮೆ ಕೊಟ್ಟರು.

ಹಾಗೆಂದು ನಮ್ಮ ಕಾಪು ಇಂಗ್ಲಿಷರದಕ್ಕಿಂತ ಗಟ್ಟಿಯೆಂದು ನಿಶ್ಚಿಂತರಾಗಿರಲು ಸಾಧ್ಯವೆ? ಮೂರೇ ವರ್ಷದ ಮೇಲೆ, 1976ರ ಏಪ್ರಿಲಿನಲ್ಲಿ, ತುರ್ತುಪರಿಸ್ಥಿತಿಯ ಸೆರೆಯಾಳುಗಳು ಅದೇ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದಾಗ, ಐವರಲ್ಲಿ ನಾಲ್ವರು ಬಾಗಿಲು ತೆರೆಯಲಾಗದು ಎಂದರು. ಇಂಗ್ಲೆಂಡಿನ 1941ರಂತೆ ಇಲ್ಲಿಯೂ ಒಪ್ಪದವರು ಒಬ್ಬರೇ, ನ್ಯಾಯಮೂರ್ತಿ ಖನ್ನಾ. ಆ ತೀರ್ಪನ್ನು ಕೋರ್ಟು ತಾನೇ ಅಳಿಸಿಹಾಕಲು 2017ರವರೆಗೆ ಕಾಯಬೇಕಾಯಿತು; ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಆ ಕೆಲಸ ಆಯಿತು. ಹೊಡೆದುಹಾಕುವ ಅಧಿಕಾರ ಕೈಯಲ್ಲಿದ್ದೂ ಧೈರ್ಯವಿಲ್ಲದಿದ್ದರೆ ಫಲವಿಲ್ಲ. ಅಧಿಕಾರವಿಲ್ಲದೆಯೂ ಧೈರ್ಯವಾಗಿ ಆಡಿದ ಮಾತಿಗೆ, ತಡವಾಗಿಯಾದರೂ, ಫಲವುಂಟು.

ಆ ಹುಡುಗಿಗೆ ಅಂದು ಪೂರ್ತಿ ಉತ್ತರ ಹೇಳಲು ಹೊತ್ತು ಸಾಲಲಿಲ್ಲ, ಗಂಟೆ ಹೊಡೆಯಿತು. ಮುಂದಿನ ತರಗತಿಯಲ್ಲಿ ಶಾಪಾಶಯದ ಪಕ್ಕದಲ್ಲೇ ಹಲವು ಶಾಸನಗಳು ಹೇಳುವ ಇನ್ನೊಂದು ಮಾತನ್ನು ತೋರಿಸಿದೆ: ತಾನು ದಾನ ಕೊಡುವುದಕ್ಕಿಂತ ಹಿಂದಿನವರು ಕೊಟ್ಟುದನ್ನು ಕಾಪಾಡುವುದು ಹೆಚ್ಚಿನ ಪುಣ್ಯವಂತೆ. ಕಲ್ಲು ಅದನ್ನು ರಾಜನಿಗೆ ಹೇಳಿತು. ಇಂದು ಮತ ಕೊಟ್ಟು ರಾಜರನ್ನು ಆರಿಸುವವರು ನಾವಾದುದರಿಂದ ಆ ಸಾಲುಗಳನ್ನು ಓದಬೇಕಾದವರೂ ನಾವೇ ಎಂದು ಹೇಳಿ, ಮುಂದಿನ ಶಾಸನಕ್ಕೆ ಹೋದೆ.